ಆಟ ಸಾಹುಕಾರರದ್ದಿರಬಹುದು, ಮೈದಾನ ಊರಿನದು

ಗಾಲ್ಫ್ ಅಂದಕೂಡಲೇ ನಮಗೆ ನೆನಪಾಗುವುದು ಎತ್ತರದ ಕಾಂಪೌಂಡು, ಗೇಟು, ಗೇಟಿನಲ್ಲಿ ನಿಂತ ವಾಚ್‌ಮನ್. ಆದರೆ ಜಗತ್ತಿನ ಅತಿ ಹಳೆಯ ಗಾಲ್ಫ್ ಚಾಂಪಿಯನ್‌ಶಿಪ್ ಆದ 'ದಿ ಓಪನ್' ಅತಿ ಹೆಚ್ಚು ಸಲ ನಡೆದಿರುವ ಮೈದಾನ ಯಾವ ಸಾಹುಕಾರನದ್ದೂ ಅಲ್ಲ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಊರಿನ ಓಲ್ಡ್ ಕೋರ್ಸ್ ಇವತ್ತಿಗೂ ಊರಿನ ಸಾರ್ವಜನಿಕ ಜಾಗ. ಭಾನುವಾರ ಅಲ್ಲಿ ಸಾಮಾನ್ಯವಾಗಿ ಆಟ ಬಂದ್. ಜನ ಮಕ್ಕಳು, ನಾಯಿಗಳ ಜೊತೆ ಆರಾಮಾಗಿ ಓಡಾಡುತ್ತಾರೆ.

ಕಪ್ ಗೆದ್ದವರ ಪಟ್ಟಿಗಿಂತ ಈ ಜಾಗ ಉಳಿದ ಕತೆಯೇ ದೊಡ್ಡದು ಅನ್ನುವುದು ನಮ್ಮ ಅಭಿಪ್ರಾಯ.

ಸಮುದ್ರಕ್ಕೂ ಹೊಲಕ್ಕೂ ನಡುವಿನ ಮರಳು ನೆಲವನ್ನು ಅಲ್ಲಿ 'ಲಿಂಕ್ಸ್' ಅನ್ನುತ್ತಾರೆ. ಬೇಸಾಯಕ್ಕೆ ಬಾರದ ನೆಲ. ದನ ಕುರಿ ಮೇಯಿಸಲು, ಬಟ್ಟೆ ಒಣಗಿಸಲು, ಆಟ ಆಡಲು ಊರಿಗೆ ಅದೇ ಜಾಗ. ನಮ್ಮ ಗೋಮಾಳ ಇದ್ದಹಾಗೆ. 1552ರಲ್ಲಿ ಆರ್ಚ್‌ಬಿಷಪ್ ಜಾನ್ ಹ್ಯಾಮಿಲ್ಟನ್ ಅಲ್ಲಿ ಮೊಲ ಸಾಕಲು ಊರಿನ ಒಪ್ಪಿಗೆ ಪಡೆದ. ಅದೇ ಪತ್ರದಲ್ಲಿ ಗಾಲ್ಫ್ ಆಡುವುದೂ ಸೇರಿದಂತೆ ಆ ನೆಲದ ಮೇಲೆ ಊರಿನವರಿಗಿದ್ದ ಹಕ್ಕುಗಳನ್ನು ಒಪ್ಪಿ ಬರೆದುಕೊಟ್ಟ.

ಪತ್ರ ಇದ್ದರೂ ನೆಲ ಕೈಜಾರಿತು. 1797ರಲ್ಲಿ ಸಾಲದಲ್ಲಿ ಮುಳುಗಿದ ಪುರಸಭೆ ಜಾಗವನ್ನು ಮಾರಿಬಿಟ್ಟಿತು. ಅದು ಮೊಲ ಸಾಕುವ ವ್ಯಾಪಾರಿಗಳ ಪಾಲಾಯಿತು. ಮೊಲಗಳು ಮೈದಾನದ ತುಂಬ ಬಿಲ ತೋಡಿದವು. ಊರಿನವರಿಗೂ ವ್ಯಾಪಾರಿಗಳಿಗೂ ಹತ್ತಿದ ಜಗಳ ಕೋರ್ಟು ಮೆಟ್ಟಿಲೇರಿತು. 1821ರಲ್ಲಿ ಜೇಮ್ಸ್ ಚೀಪ್ ಎಂಬ ಜಮೀನ್ದಾರ ಆ ನೆಲವನ್ನು ಕೊಂಡು ಆಟಕ್ಕೆ ಉಳಿಸಿದ.

ದಿ ಓಪನ್ ಶುರುವಾದದ್ದು 1860ರಲ್ಲಿ, ಪ್ರೆಸ್ಟ್‌ವಿಕ್ ಎಂಬ ಇನ್ನೊಂದು ಊರಿನಲ್ಲಿ. ಆಡಿದವರು ಎಂಟೇ ಜನ. ಗೆದ್ದವನಿಗೆ ಸಿಕ್ಕಿದ್ದು ಕೆಂಪು ಚರ್ಮದ ಪಟ್ಟಿ, ನಗದು ಬಹುಮಾನ ಇಲ್ಲ. ಸೇಂಟ್ ಆಂಡ್ರೂಸ್‌ಗೆ ಅದು ಬಂದದ್ದು 1873ರಲ್ಲಿ. ಆ ವರ್ಷ ಗೆದ್ದ ಟಾಮ್ ಕಿಡ್ ಅದೇ ಊರಿನ ಕ್ಯಾಡಿ, ಅಂದರೆ ಆಟಗಾರರ ಕೋಲುಗಳನ್ನು ಹೊತ್ತು ಜೊತೆಗೆ ನಡೆಯುವ ಕೂಲಿಯವನು. ನಾಲ್ಕು ಸಲ ಚಾಂಪಿಯನ್ ಆದ ಓಲ್ಡ್ ಟಾಮ್ ಮಾರಿಸ್ ಇಲ್ಲಿನ ಹುಲ್ಲು ನೋಡಿಕೊಳ್ಳುವ ಕೆಲಸದವನೂ ಆಗಿದ್ದ. ದುಡಿಯುವ ಜನ ಕಟ್ಟಿದ ಆಟ ಇದು.

ಹಾಗಂತ ಎಲ್ಲವೂ ಚೆನ್ನಾಗಿತ್ತು ಅಂತ ನಾವು ಹೇಳುತ್ತಿಲ್ಲ. ಮೈದಾನದ ಪಕ್ಕದಲ್ಲೇ ಇರುವ, 1754ರಲ್ಲಿ ಶುರುವಾದ ರಾಯಲ್ ಅಂಡ್ ಏನ್ಷಿಯಂಟ್ ಕ್ಲಬ್ ಹೆಂಗಸರಿಗೆ ಸದಸ್ಯತ್ವ ಕೊಡಲು ಒಪ್ಪಿದ್ದು 2014ರಲ್ಲಿ. ಇನ್ನೂರ ಅರವತ್ತು ವರ್ಷ ಬೇಕಾಯಿತು! ಹೊರಗಿನಿಂದ ಬಂದು ಆಡುವವರಿಗೆ ಇವತ್ತು ಶುಲ್ಕವೂ ದುಬಾರಿ. ಆದರೆ ಕ್ಲಬ್ಬೇ ಬೇರೆ, ನೆಲವೇ ಬೇರೆ. ಕ್ಲಬ್ಬಿನ ಬಾಗಿಲು ಮುಚ್ಚಿತ್ತು, ನೆಲದ ಮೇಲಿನ ಹಕ್ಕು ಮುಚ್ಚಿರಲಿಲ್ಲ.

ಚೀಪ್ ಎಂಬ ಸಾಹುಕಾರನೇ ತಾನೆ ಉಳಿಸಿದ್ದು ಅಂತ ಯಾರಾದರೂ ಕೇಳಬಹುದು. ನಿಜ. ಆದರೆ ಒಬ್ಬ ಒಳ್ಳೆಯ ಮಾಲೀಕನ ಮೇಲೆ ಎಷ್ಟು ತಲೆಮಾರು ನಂಬಿಕೆ ಇಡಲಾದೀತು? ಆ ಊರೂ ಇಡಲಿಲ್ಲ. 1894ರಲ್ಲಿ ಪಾರ್ಲಿಮೆಂಟಿನಿಂದ ಕಾಯ್ದೆ ಮಾಡಿಸಿ ನೆಲವನ್ನು ಮರಳಿ ಕೊಂಡಿತು. 1974ರಲ್ಲಿ ಇನ್ನೊಂದು ಕಾಯ್ದೆಯ ಮೂಲಕ ಟ್ರಸ್ಟ್ ಬಂತು, ಈಗ ನೋಡಿಕೊಳ್ಳುವುದು ಅದೇ.

2022ರಲ್ಲಿ ನಡೆದ 150ನೇ ಓಪನ್ ಇಲ್ಲಿನ ಮೂವತ್ತನೆಯದು. ಟಿವಿಯಲ್ಲಿ ಕಾಣುವುದು ಹಸಿರು ಹುಲ್ಲು, ಬೆಳ್ಳಿ ಹೂಜಿ. ಅದರ ಅಡಿಯಲ್ಲಿ ಇರುವುದು ಒಂದು ಹಳೇ ಪತ್ರ, ಬಿಡದೆ ಜಗಳ ಆಡಿದ ಜನ, ಕೊನೆಗೊಂದು ಕಾಯ್ದೆ. ಇವುಗಳಲ್ಲಿ ಒಂದು ತಪ್ಪಿದ್ದರೂ ಅಲ್ಲಿ ಚಾಂಪಿಯನ್‌ಗಳ ಬದಲು ಮೊಲಗಳೇ ಇರುತ್ತಿದ್ದವು. ರೂಢಿ ಇದೆ ಅಂತ ಸುಮ್ಮನಿದ್ದರೆ ಊರಿನ ನೆಲ ಉಳಿಯುವುದಿಲ್ಲ.