ಎಳೆಗೂಸಿನ ಇಸಬು, ಬಾಣಂತಿಯ ಪಥ್ಯ

ಕಾರವಾರ, ಅಂಕೋಲೆಗಳ ಕಡೆ ಹಸುಗೂಸಿನ ಕೆನ್ನೆಯ ಮೇಲೆ ಗಂಧೆ ಎದ್ದು ಮಗು ಮುಖ ಉಜ್ಜಿಕೊಳ್ಳತೊಡಗಿತೆಂದರೆ, ಮನೆಯ ಹಿರಿಯರ ಕಣ್ಣು ಮೊದಲು ಹರಿಯುವುದು ಬಾಣಂತಿಯ ಊಟದ ತಟ್ಟೆಯ ಮೇಲೆ. ‘ಏನೋ ನಂಜು ತಿಂದಿದ್ದಾಳೆ’ ಎಂಬ ತೀರ್ಪು ಬೀಳಲು ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಅಂದಿನಿಂದಲೇ ಬಂಗಡೆ ನಿಂತಿತು, ಸಿಗಡಿ ನಿಂತಿತು, ತಿಸರೆಯ ಹೆಸರೆತ್ತುವಂತಿಲ್ಲ. ಮೀನು ಹೊಗದ ಮನೆಯಾದರೆ ಬದನೆ, ಹಲಸು, ಉದ್ದು ಇವುಗಳ ಸರದಿ. ವಾರ ಕಳೆದರೂ ಗಂಧೆ ಅಡಗದಿದ್ದಾಗ ಮೊಟ್ಟೆ, ಹಾಲುಗಳೂ ಹೋಗಿ, ಕೊನೆಗೆ ತಾಯಿಯ ಪಾಲಿಗೆ ಅನ್ನ ಮತ್ತು ಕಾಳುಮೆಣಸಿನ ಸಾರಷ್ಟೇ ಉಳಿಯುತ್ತದೆ. ರಾತ್ರಿಯೆಲ್ಲ ತುರಿಕೆಯಿಂದ ಅಳುವ ಮಗು, ನಿದ್ದೆಯಿಲ್ಲದ ತಾಯಿ, ಅದರ ಮೇಲೆ ಅರೆಹೊಟ್ಟೆ. ಇಷ್ಟು ಸಾಲದೆಂಬಂತೆ ಮಗುವಿನ ದುಃಖಕ್ಕೆ ತಾನೇ ಕಾರಣಳೆಂಬ ಅಪವಾದ. ಕೆಲವು ಮನೆಗಳಲ್ಲಿ ಸಂಶಯವು ಮೊಲೆಹಾಲಿನವರೆಗೂ ಹಬ್ಬಿ, ಡಬ್ಬಿಯ ಹಾಲು ಮನೆ ಹೊಗುವುದುಂಟು.

ಈ ಪಥ್ಯವೆಲ್ಲ ನಡೆಯುತ್ತಿರುವಾಗ ಬಚ್ಚಲಿನಲ್ಲಿ ಇನ್ನೊಂದು ಉಪಚಾರ ಸಾಗುತ್ತಿರುತ್ತದೆ. ಮಗುವನ್ನು ಮೀಯಿಸುವ ಹೆಂಗಸು ಕಾಲು ಚಾಚಿ ಕುಳಿತು, ಮೊಣಕಾಲಿನ ಮೇಲೆ ಕೂಸನ್ನು ಮಲಗಿಸಿ, ಹೆಸರುಹಿಟ್ಟನ್ನೋ ಕಡಲೆಹಿಟ್ಟನ್ನೋ ಹಚ್ಚಿ ತಿಕ್ಕಿ, ಹಂಡೆಯ ಸುಡುನೀರನ್ನು ಹೊಯ್ಯುತ್ತಾಳೆ. ಗಂಧೆ ಹೆಚ್ಚಾದಷ್ಟೂ ತಿಕ್ಕುವಿಕೆ ಹೆಚ್ಚುತ್ತದೆ. ಹೀಗೆ ಬಾಯಿಯ ಬಾಗಿಲು ಮುಚ್ಚಿ ಚರ್ಮದ ಬಾಗಿಲು ತೆರೆದಿಡುವುದು ಈ ರೋಗದ ವಿಷಯದಲ್ಲಿ ತೀರ ವಿಪರೀತವಾದ ಕ್ರಮವೆಂದು ಇಂದಿನ ವೈದ್ಯಶಾಸ್ತ್ರ ಹೇಳುತ್ತದೆ.

ಕನ್ನಡದಲ್ಲಿ ಇಸಬು ಎನಿಸಿಕೊಳ್ಳುವ ಈ ಬೇನೆ, ಡಾಕ್ಟರರ ಭಾಷೆಯಲ್ಲಿ ಎಸ್ಜಿಮಾ, ಸಾಮಾನ್ಯವಾಗಿ ಎರಡರಿಂದ ಆರು ತಿಂಗಳೊಳಗೆ ಕೆನ್ನೆ, ಹಣೆ, ನೆತ್ತಿಗಳಲ್ಲಿ ಮೊದಲಾಗುತ್ತದೆ. ಮಗು ಅಂಬೆಗಾಲಿಡುವ ಹೊತ್ತಿಗೆ ಕೈಕಾಲುಗಳ ಹೊರಮೈಗೆ ಇಳಿಯುತ್ತದೆ. ಎರಡು ವರ್ಷ ದಾಟಿದ ಮೇಲೆ ಮೊಣಕೈ, ಮೊಣಕಾಲುಗಳ ಒಳಮಡಿಕೆಗಳಲ್ಲಿ ಮನೆ ಮಾಡುತ್ತದೆ. ಲಂಗೋಟಿ ಕಟ್ಟುವ ಭಾಗ ಮಾತ್ರ ಬಹುಶಃ ಸ್ವಚ್ಛವಾಗಿರುತ್ತದೆ, ಅಲ್ಲಿ ಯಾವಾಗಲೂ ತೇವವಿರುವುದೇ ಅದಕ್ಕೆ ಕಾರಣ. ಪಾಶ್ಚಾತ್ಯರ ಪುಸ್ತಕಗಳಲ್ಲಿ ಕಾಣುವ ಕಡುಕೆಂಪು ನಮ್ಮ ಕರಾವಳಿಯ ಎಣ್ಣೆಗಪ್ಪು ಮೈಯಲ್ಲಿ ಕಾಣಲಿಕ್ಕಿಲ್ಲ; ಕಂದು ಅಥವಾ ಬೂದು ಛಾಯೆಯೊಡನೆ ಮುಟ್ಟಿದರೆ ಒರಟಾಗಿ ತೋರುವ ಚರ್ಮವೇ ಗುರುತು. ಇದು ಅಂಟುರೋಗವಲ್ಲ. ನಾಮಕರಣದ ದಿನ ಅಂಥ ಕೂಸನ್ನು ಎತ್ತಿಕೊಳ್ಳಲು ನೆಂಟರು ಹಿಂಜರಿಯುವುದು ಕೇವಲ ಅಜ್ಞಾನ. ಆದರೆ ತಾಯಿಯೂ ಅಣ್ಣತಂಗಿಯರೂ ರಾತ್ರಿಯ ವೇಳೆ ಮೈ ಕೆರೆದುಕೊಳ್ಳುತ್ತಿದ್ದರೆ, ಬೆರಳಸಂದಿಗಳಲ್ಲಿಯೂ ಕೂಸಿನ ಅಂಗಾಲುಗಳಲ್ಲಿಯೂ ಗುಳ್ಳೆಗಳಿದ್ದರೆ, ಅದು ಇಸಬಲ್ಲ, ತುರಿಕಜ್ಜಿ. ಆಗ ಮನೆಮಂದಿಯೆಲ್ಲ ಏಕಕಾಲಕ್ಕೆ ಔಷಧ ಮಾಡಿಸಿಕೊಳ್ಳಬೇಕು.

ಈ ರೋಗದ ಮೂಲ ಎಲ್ಲಿದೆ? ಕರಾವಳಿಯ ಹಳೆಯ ಮನೆಗಳ ಚಿರೆಕಲ್ಲಿನ ಗೋಡೆಯನ್ನು ನೆನೆದರೆ ಅರ್ಥವಾದೀತು. ಕಲ್ಲು ಗಟ್ಟಿಯಾಗಿದ್ದರೂ ನಡುವಿನ ಗಾರೆ ಉದುರಿಹೋದರೆ ಮಳೆಯ ನೀರು ಒಳಗೆ ನುಗ್ಗುತ್ತದೆ. ಇಸಬಿನ ಮಗುವಿನ ಚರ್ಮದ ಸ್ಥಿತಿಯೂ ಅದೇ. ಒಳಗಿನ ತೇವ ಹೊರಗೆ ಆವಿಯಾಗುತ್ತದೆ, ಹೊರಗಿನ ಸಾಬೂನು, ಧೂಳು, ಬೆವರು, ರೋಗಾಣುಗಳು ಒಳಗೆ ಸೇರುತ್ತವೆ. ಮೈ ಸಿಟ್ಟಿಗೇಳುತ್ತದೆ, ತುರಿಕೆ ಹುಟ್ಟುತ್ತದೆ, ಕೆರೆದಷ್ಟೂ ಗೋಡೆ ಮತ್ತಷ್ಟು ಶಿಥಿಲವಾಗುತ್ತದೆ. 2006ರಲ್ಲಿ ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಸಂಶೋಧಕರು ಫಿಲಾಗ್ರಿನ್ ಎಂಬ ಚರ್ಮದ ಪ್ರೋಟೀನಿಗೆ ಸಂಬಂಧಪಟ್ಟ ವಂಶವಾಹಿಯ ದೋಷವು ಇಸಬಿಗೆ ಬಲವಾದ ಕಾರಣವೆಂದು ತೋರಿಸಿಕೊಟ್ಟರು. ಈ ದೋಷ ಎಲ್ಲ ಇಸಬಿನ ಮಕ್ಕಳಲ್ಲಿಯೂ ಇರುವುದಿಲ್ಲ. ಆದರೂ ತಂದೆತಾಯಿಗಳಲ್ಲಿ ಯಾರಿಗಾದರೂ ದಮ್ಮು, ಇಸಬು, ಬೆಳಗಿನ ಹೊತ್ತು ಸಾಲುಸಾಲು ಸೀನು ಇದ್ದರೆ ಮಗುವಿಗೂ ಬರುವ ಸಂಭವ ಹೆಚ್ಚೆಂಬುದು ನಿಶ್ಚಿತ. ಅಂದಮೇಲೆ ನಿನ್ನೆಯ ಬಂಗಡೆಯ ಸಾರಿನ ಮೇಲೆ ಹೊರಿಸುವ ಅಪರಾಧದಲ್ಲಿ ಒಂದು ಪಾಲನ್ನು ಅಜ್ಜ ಅಜ್ಜಿಯರೂ ಹೊರಬೇಕಾದೀತು.

ಇನ್ನು ಆಹಾರದ ಮಾತು. ಹಾಲೂಡುವ ತಾಯಿ ಪಥ್ಯ ಹಿಡಿದರೆ ಮಗುವಿನ ಇಸಬು ವಾಸಿಯಾಗುವುದೆಂಬುದಕ್ಕೆ ಗಟ್ಟಿಯಾದ ಆಧಾರವಿಲ್ಲ. ಬ್ರಿಟನ್ನಿನ ವೈದ್ಯ ಗಿಡಿಯನ್ ಲ್ಯಾಕ್ ಮತ್ತು ಸಂಗಡಿಗರು 2003ರಲ್ಲಿ ಒಂದು ವಿಚಿತ್ರ ಸಂಗತಿಯನ್ನು ಪ್ರಕಟಿಸಿದರು. ಶೇಂಗಾದ ಅಲರ್ಜಿಯುಳ್ಳ ಮಕ್ಕಳನ್ನು ವಿಚಾರಿಸಿ ನೋಡಿದರೆ, ಅವರಲ್ಲಿ ಅನೇಕರ ಗಂಧೆಯ ಮೇಲೆ ಶೈಶವದಲ್ಲಿ ಶೇಂಗಾ ಎಣ್ಣೆ ಬೆರೆತ ಮುಲಾಮು ಹಚ್ಚಿದ್ದು ಕಂಡುಬಂದಿತು. ಒಡೆದ ಚರ್ಮದ ಮೂಲಕ ಪರಿಚಯವಾದ ಆಹಾರವನ್ನು ದೇಹ ಶತ್ರುವೆಂದು ಎಣಿಸುತ್ತದೆ, ಬಾಯಿಯ ಮೂಲಕ ಸಕಾಲದಲ್ಲಿ ಬಂದುದನ್ನು ಮಿತ್ರನೆಂದು ಸ್ವೀಕರಿಸುತ್ತದೆ ಎಂಬುದು ಅವರ ವಾದ. 2015ರಲ್ಲಿ ಅವರೇ ಪ್ರಕಟಿಸಿದ ಪ್ರಯೋಗ ಈ ವಾದಕ್ಕೆ ಬಲ ಕೊಟ್ಟಿತು. ತೀವ್ರ ಇಸಬು ಅಥವಾ ಮೊಟ್ಟೆಯ ಅಲರ್ಜಿ ಇದ್ದ 640 ಶಿಶುಗಳಲ್ಲಿ ಅರ್ಧ ಪಾಲಿಗೆ ವರ್ಷ ತುಂಬುವ ಮೊದಲೇ ಶೇಂಗಾ ತಿನ್ನಿಸತೊಡಗಿ, ಉಳಿದವರಿಗೆ ನಿಷೇಧಿಸಿದರು. ಐದನೆಯ ವಯಸ್ಸಿಗೆ ನೋಡಿದಾಗ ತಿಂದವರಲ್ಲಿ ಶೇಂಗಾದ ಅಲರ್ಜಿ ಸುಮಾರು ಐದರಲ್ಲಿ ನಾಲ್ಕು ಪಾಲು ಕಡಿಮೆಯಾಗಿತ್ತು. ಮೀನಿನ ನಾಡಾದ ಕಾರವಾರದವರಿಗೆ ಇನ್ನೂ ಕುತೂಹಲಕರವಾದುದು ಪಶ್ಚಿಮ ಸ್ವೀಡನ್ನಿನ 2009ರ ಸಮೀಕ್ಷೆ. ಒಂಬತ್ತು ತಿಂಗಳಿಗಿಂತ ಮೊದಲೇ ಮೀನು ತಿನ್ನಲಾರಂಭಿಸಿದ ಕೂಸುಗಳಲ್ಲಿ ಇಸಬು ಕಡಿಮೆಯೆಂದು ಅಲ್ಲಿ ಕಂಡುಬಂದಿತು. ಕೇವಲ ಸಮೀಕ್ಷೆಯಾದುದರಿಂದ ಅದನ್ನೇ ವೇದವಾಕ್ಯವೆಂದು ಹಿಡಿಯಬೇಕಿಲ್ಲ. ನಂಜಿನ ಆರೋಪವನ್ನು ಸಡಿಲಿಸಲು ಅಷ್ಟು ಸಾಕು. ಬಾಣಂತಿ ಬಂಗಡೆ ತಿನ್ನಲಿ. ಆರು ತಿಂಗಳು ತುಂಬಿದ ಮಗುವಿಗೂ ಮುಳ್ಳು ತೆಗೆದು ಮಿದ್ದ ಮೀನು ಅನ್ನದೊಡನೆ ಸಲ್ಲುತ್ತದೆ. ಹೆಸರುಹಿಟ್ಟನ್ನು ಬೇಯಿಸಿ ಉಣ್ಣಿಸುವುದು ಲೇಸು, ಒಡೆದ ಕೆನ್ನೆಗೆ ತಿಕ್ಕುವುದು ಲೇಸಲ್ಲ.

ನಿಜವಾದ ಆಹಾರದ ಅಲರ್ಜಿ ಇಲ್ಲವೇ ಇಲ್ಲವೆಂದಲ್ಲ. ಇಸಬು ತೀವ್ರವಾಗಿರುವ ಎಳೆಗೂಸುಗಳಲ್ಲಿ ಅದು ಹೆಚ್ಚು. ಅದರ ನಡವಳಿಕೆ ಬೇರೆ. ತಿಂದ ಕೆಲವು ನಿಮಿಷಗಳಿಂದ ಎರಡು ಗಂಟೆಯೊಳಗೆ ಮೈಮೇಲೆ ದದ್ದು ಏಳುವುದು, ತುಟಿ ಊದುವುದು, ವಾಂತಿ, ಉಬ್ಬಸ ಇವು ಅದರ ಲಕ್ಷಣ. ಉಸಿರಾಟಕ್ಕೆ ತೊಂದರೆಯಾದರೆ ಒಂದು ಕ್ಷಣವೂ ತಡೆಯದೆ ಆಸ್ಪತ್ರೆಗೆ ಒಯ್ಯಬೇಕು. ಇಸಬು ಬಲವಾಗಿದ್ದರೆ ಮೊಟ್ಟೆ, ಶೇಂಗಾಗಳನ್ನು ಮೊದಲ ಸಲ ಕೊಡುವ ಮುನ್ನ ಮಕ್ಕಳ ಡಾಕ್ಟರರನ್ನು ಕೇಳುವುದು ಒಳ್ಳೆಯದು.

ಉಪಚಾರ ಬಚ್ಚಲಿನಿಂದಲೇ ಮೊದಲಾಗಬೇಕು. ನಿತ್ಯ ಸ್ನಾನಕ್ಕೆ ಅಡ್ಡಿಯಿಲ್ಲ, ಆದರೆ ನೀರು ಉಗುರುಬೆಚ್ಚಗೆ ಮಾತ್ರ ಇರಲಿ. ಐದು ಹತ್ತು ನಿಮಿಷಕ್ಕೆ ಮುಗಿಯಲಿ. ಸಾಮಾನ್ಯ ಸಾಬೂನಿನ ಕ್ಷಾರಗುಣ ಚರ್ಮಕ್ಕೆ ಒಗ್ಗುವುದಿಲ್ಲ, ಹಿಟ್ಟಿನ ತಿಕ್ಕಾಟವಂತೂ ಕೂಡದು. ಮೃದುವಾದ ಬಟ್ಟೆಯನ್ನು ಒತ್ತಿ ನೀರು ತೆಗೆದು, ಮೈ ಇನ್ನೂ ಪಸಿಯಾಗಿರುವಾಗಲೇ, ಎಂದರೆ ಎರಡು ಮೂರು ನಿಮಿಷಗಳಲ್ಲಿ, ಜಿಡ್ಡಿನ ಲೇಪವನ್ನು ಮೈತುಂಬ ಹಚ್ಚಬೇಕು. ಗಾರೆ ಉದುರಿದ ಗೋಡೆಗೆ ಇದೇ ಗಿಲಾವು. ಗಂಧೆ ಮಾಯವಾದ ದಿನಗಳಲ್ಲಿಯೂ ಇದನ್ನು ಬಿಡಬಾರದು. ಬಹುತೇಕ ಮನೆಗಳು ಎಡವುವುದು ಇಲ್ಲಿಯೇ. ಇಸಬುಳ್ಳ ಮಗುವಿಗೆ ವಾರಕ್ಕೆ 250ರಿಂದ 500 ಗ್ರಾಂ ಲೇಪ ಬೇಕೆಂಬುದು ಬ್ರಿಟನ್ನಿನ ನೈಸ್ ಸಂಸ್ಥೆಯ ಸೂಚನೆ. ಕೂಸು ಚಿಕ್ಕದಿದ್ದಷ್ಟು ಕಡಿಮೆ ಸಾಕಾದರೂ, ಚಿಟಿಕೆಯಷ್ಟು ಹಚ್ಚಿ ಗುಣ ಕಾಣಲಿಲ್ಲವೆನ್ನುವುದು ನ್ಯಾಯವಲ್ಲ.

ಬೆಲೆಬಾಳುವ ವಿದೇಶೀ ಲೇಪವೇ ಆಗಬೇಕೆಂದಿಲ್ಲ. ಪರಿಮಳವಿಲ್ಲದ ಬಿಳಿಯ ಪೆಟ್ರೋಲಿಯಂ ಜೆಲ್ಲಿ ಅಗ್ಗವೂ ಹೌದು, ಪರಿಣಾಮಕಾರಿಯೂ ಹೌದು. ಕರಾವಳಿಯ ತೆಂಗಿನೆಣ್ಣೆಯೂ ಕೀಳಲ್ಲ. ಫಿಲಿಪೀನ್ಸಿನ ವೈದ್ಯರು ಇಸಬಿನ ಮಕ್ಕಳ ಮೇಲೆ ಎಂಟು ವಾರ ಪ್ರಯೋಗಿಸಿ 2014ರಲ್ಲಿ ಪ್ರಕಟಿಸಿದ ವರದಿಯಂತೆ, ಶುದ್ಧವಾದ ಹಸಿ ತೆಂಗಿನೆಣ್ಣೆ ಖನಿಜತೈಲಕ್ಕಿಂತ ಮೇಲೆನಿಸಿತು. ಸಾಸಿವೆ ಎಣ್ಣೆ ಮತ್ತು ಆಲಿವ್ ಎಣ್ಣೆ ಮಾತ್ರ ಬೇಡ. ಒಡೆದ ಹಿಮ್ಮಡಿಗೆ ಹಚ್ಚುವ ಮುರುಗಲಿನ ತುಪ್ಪ ಈ ಜಿಲ್ಲೆಯಲ್ಲಿ ಮನೆಮನೆಗೂ ಗೊತ್ತು. ಅದನ್ನು ಹಚ್ಚಬಯಸುವವರು ಮಗುವಿನ ತೋಳಿನಲ್ಲಿ ಒಂದಿಷ್ಟು ಹಚ್ಚಿ ನಾಲ್ಕು ದಿನ ನೋಡಿ ಮುಂದುವರಿಯಲಿ. ಏಪ್ರಿಲ್ ಮೇ ತಿಂಗಳ ಸೆಕೆಯಲ್ಲಿ ದಪ್ಪನೆಯ ಜಿಡ್ಡು ಬೆವರುಸಾಲೆಗೆ ಕಾರಣವಾಗುತ್ತದೆ, ಆಗ ತೆಳುವಾದ ಕ್ರೀಮು ಹಿತ. ಘಟ್ಟದ ಕಡೆಯ ಒಣಗಾಳಿ ಬೀಸುವ ಡಿಸೆಂಬರಿನಲ್ಲಿ ಜಿಡ್ಡೇ ಬೇಕು. ಎಣ್ಣೆ, ಜೆಲ್ಲಿ ಹೀರಿದ ಬಟ್ಟೆಗೆ ಬೆಂಕಿ ಬಲು ಬೇಗ ತಗಲುತ್ತದೆ. ಮಿಂದ ಕೂಸನ್ನು ಕೆಂಡದ ಮೇಲಿನ ಧೂಪಕ್ಕೆ ಹಿಡಿಯುವ ಪದ್ಧತಿಯನ್ನು ಅಷ್ಟರಮಟ್ಟಿಗಾದರೂ ಕೈಬಿಡಬೇಕು. ಹೊಗೆಯಿಂದ ಉಸಿರಿಗೂ ಹಿತವಿಲ್ಲ.

ಗಂಧೆ ಕೆರಳಿದಾಗ ಲೇಪವೊಂದೇ ಸಾಲದು, ಸ್ಟೀರಾಯ್ಡ್ ಮುಲಾಮು ಬೇಕಾಗುತ್ತದೆ. 1952ರಲ್ಲಿ ಅಮೆರಿಕದ ಸಲ್ಜ್‌ಬರ್ಗರ್ ಮತ್ತು ವಿಟನ್ ಎಂಬ ಚರ್ಮವೈದ್ಯರು ಹೈಡ್ರೋಕಾರ್ಟಿಸೋನ್ ಹಚ್ಚುವುದರಿಂದ ಇಸಬು ತಗ್ಗುತ್ತದೆಂದು ತೋರಿಸಿದಂದಿನಿಂದ ಇದು ಮುಖ್ಯ ಔಷಧವಾಗಿ ನಿಂತಿದೆ. ಇದರ ಬಗ್ಗೆ ಜನರಲ್ಲಿ ಎರಡು ಬಗೆಯ ತಪ್ಪುಗಳಿವೆ. ಸ್ಟೀರಾಯ್ಡ್ ಎಂಬ ಹೆಸರಿಗೇ ಬೆದರಿ, ಡಾಕ್ಟರರು ಏಳು ದಿನ ಹೇಳಿದ್ದನ್ನು ಎರಡೇ ದಿನಕ್ಕೆ ನಿಲ್ಲಿಸುವವರು ಒಂದು ಕಡೆ. ಅವರ ಮಗುವಿನ ಗಂಧೆ ಅರೆಬರೆ ಆರಿ ಮತ್ತೆ ಮತ್ತೆ ಮರುಕಳಿಸುತ್ತದೆ. ಇನ್ನೊಂದು ಕಡೆ, ಅಂಗಡಿಯಾತ ಕೊಟ್ಟ ಗಜಕರ್ಣದ ಮುಲಾಮನ್ನು ತಿಂಗಳುಗಟ್ಟಲೆ ಮಗುವಿನ ಮುಖಕ್ಕೆ ಬಳಿಯುವವರು. ಅಂಥ ಮಿಶ್ರ ಮುಲಾಮುಗಳಲ್ಲಿ ಕ್ಲೋಬೆಟಸಾಲಿನಂಥ ಅತ್ಯುಗ್ರ ಸ್ಟೀರಾಯ್ಡ್ ಇರುವುದುಂಟು. ಎಳೆಯ ಚರ್ಮ ಅದರಿಂದ ಕಾಗದದಂತೆ ತೆಳುವಾಗುತ್ತದೆ. ಇಂಥ ಕ್ರೀಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರಕಾರ 2018ರಲ್ಲಿಯೇ ಬಿಗಿ ಮಾಡಿದೆ. ಘಟಕಗಳ ವಿವರವೇ ಇಲ್ಲದ ಡಬ್ಬಿಯ ಲೇಪವನ್ನೂ ಸಂಶಯದಿಂದಲೇ ನೋಡಬೇಕು. ಎಳೆಗೂಸಿನ ಮುಖಕ್ಕೆ ವೈದ್ಯರು ಸಾಮಾನ್ಯವಾಗಿ ಬರೆಯುವುದು 1 ಪ್ರತಿಶತದ ಹೈಡ್ರೋಕಾರ್ಟಿಸೋನ್. ಅಳತೆ ಸುಲಭ: ದೊಡ್ಡವರ ತೋರುಬೆರಳಿನ ತುದಿಯ ಗೆಣ್ಣಿನುದ್ದಕ್ಕೆ ಟ್ಯೂಬಿನಿಂದ ಹಿಂಡಿದ ಗೆರೆ ಸುಮಾರು ಅರ್ಧ ಗ್ರಾಂ ತೂಗುತ್ತದೆ, ಅದು ದೊಡ್ಡವರ ಎರಡು ಅಂಗೈಗಳಷ್ಟು ಜಾಗಕ್ಕೆ ಸಾಕು. ಬಣ್ಣ ತುಸು ಮಾಸಿದ ಕೂಡಲೇ ನಿಲ್ಲಿಸದೆ, ಕೈಗೆ ನುಣುಪು ಹತ್ತುವವರೆಗೆ, ವೈದ್ಯರು ಹೇಳಿದ ಅವಧಿಯೊಳಗೆ ಹಚ್ಚಬೇಕು.

ಗಂಧೆ ಆರಿದ ಜಾಗ ಕೆಲವೊಮ್ಮೆ ಬಿಳಿಚಿಕೊಳ್ಳುತ್ತದೆ. ಮುಲಾಮಿನಿಂದ ತೊನ್ನು ಹತ್ತಿತೆಂದು ಮನೆಯಲ್ಲಿ ಗೋಳು ಏಳುವುದು ಆಗ. ಬಹುತೇಕ ಇದು ಉರಿತದ ಹೆಜ್ಜೆಗುರುತಷ್ಟೇ. ಕಪ್ಪು ಮೈಯಲ್ಲಿ ಎದ್ದು ಕಾಣುತ್ತದೆ, ಕೆಲವು ತಿಂಗಳಲ್ಲಿ ಬಣ್ಣ ತಾನಾಗಿ ಮರಳುತ್ತದೆ.

ಮನೆಯಲ್ಲಿ ಕಾದು ನೋಡಬಾರದ ಸಂದರ್ಭಗಳೂ ಇವೆ. ಗಂಧೆಯಿಂದ ಕೀವು ಸುರಿದು ಜೇನಿನ ಬಣ್ಣದ ಹಕ್ಕಳೆ ಕಟ್ಟಿದರೆ ರೋಗಾಣು ಸೇರಿದೆಯೆಂದು ಅರ್ಥ. ಮೊಳೆ ಚುಚ್ಚಿ ತೆಗೆದಂಥ ಒಂದೇ ಅಳತೆಯ ಸಣ್ಣ ಹುಣ್ಣುಗಳು ಗುಂಪಾಗಿ ಹಬ್ಬಿ, ಜ್ವರ ಬಂದು, ಮಗು ಮಂಕಾದರೆ ಅದು ಹರ್ಪಿಸ್ ಸೋಂಕಾಗಿರಬಹುದು. ಅದೇ ದಿನ ವೈದ್ಯರ ಕಣ್ಣಿಗೆ ಬೀಳಬೇಕು. ತುಟಿಯ ಮೇಲೆ ಜ್ವರದ ಗುಳ್ಳೆ ಎದ್ದವರು ಇಂಥ ಕೂಸಿಗೆ ಮುತ್ತಿಡಬಾರದು. ಕಾರವಾರದಲ್ಲಿ ಈಗ ಸರಕಾರಿ ವೈದ್ಯಕೀಯ ಕಾಲೇಜು ಇರುವುದರಿಂದ ಅಂಕೋಲೆಯವರೂ ಚರ್ಮರೋಗದ ತಜ್ಞರಿಗಾಗಿ ಹುಬ್ಬಳ್ಳಿಯ ಬಸ್ಸು ಹತ್ತಬೇಕಾದ ಅನಿವಾರ್ಯತೆ ಇಲ್ಲ.

ಋತುಗಳ ಕಾಟ ಬೇರೆ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುವ ಈ ತೀರದಲ್ಲಿ ಜೂನಿನಿಂದ ಬಟ್ಟೆ ಒಣಗುವುದೇ ದುಸ್ತರ. ಅರೆ ಒಣಗಿದ ಅಂಗಿಯನ್ನಾಗಲಿ ಚಳಿಯ ಭಯದಿಂದ ಉಣ್ಣೆಯ ಕುಲಾವಿಯನ್ನಾಗಲಿ ತೊಡಿಸಿದರೆ ತುರಿಕೆ ಇಮ್ಮಡಿಸುತ್ತದೆ. ತೆಳುವಾದ ಹತ್ತಿಯ ಅಂಗಿ, ಗಿಡ್ಡಗೆ ಕತ್ತರಿಸಿದ ಉಗುರು, ರಾತ್ರಿ ಕೈಗಳಿಗೆ ಹತ್ತಿಯ ಚೀಲ ಇಷ್ಟಿದ್ದರೆ ಕೆರೆತದ ಗಾಯ ತಪ್ಪುತ್ತದೆ. ಬೇಸಿಗೆಯಲ್ಲಿ ಬೆವರಿನ ಉಪ್ಪು ಉರಿಸುತ್ತದೆ, ದಿನಕ್ಕೆ ಎರಡು ಸಲ ಒದ್ದೆ ಬಟ್ಟೆಯಿಂದ ಮೈ ಒರಸಿ ಲೇಪ ಹಚ್ಚಿದರಾಯಿತು.

ಆ ಬೇಸಿಗೆಯಲ್ಲಿಯೇ ಅಂಕೋಲೆಯ ಕರಿ ಈಶಾಡು ಮಾವು ಮನೆಮನೆಗೂ ಬರುತ್ತದೆ. 2023ರಲ್ಲಿ ಭೌಗೋಳಿಕ ಗುರುತನ್ನೂ ಪಡೆದ ಹಣ್ಣು ಅದು. ಅದನ್ನು ಚೀಪಿದ ಮಗುವಿನ ಬಾಯಿಯ ಸುತ್ತ ಗಂಧೆ ಎದ್ದರೆ ಮತ್ತೆ ನಂಜಿನ ಮಾತು ಏಳದಿರದು. ಅಪರಾಧಿ ತಿರುಳಲ್ಲ, ಗೇರಿನ ಸಿಪ್ಪೆಯ ಎಣ್ಣೆಗೆ ಸಂಬಂಧಿಯಾದ ಮಾವಿನ ಸೊನೆ. ಹಣ್ಣನ್ನು ತೊಳೆದು, ತೊಟ್ಟಿನ ಭಾಗ ಕೊಯ್ದು, ಸಿಪ್ಪೆ ಹೆರೆದು, ಮಗುವಿನ ಬಾಯಿಯ ಸುತ್ತ ತುಸು ಜೆಲ್ಲಿ ಸವರಿ, ತಿರುಳನ್ನು ಚಮಚದಿಂದ ತಿನ್ನಿಸಬಹುದು. ತಿಂದ ಬಳಿಕ ಮುಖವನ್ನೂ ಕೈಗಳನ್ನೂ ತೊಳೆದು ಬಿಡಬೇಕು.