ರೋಗದ ಲೆಕ್ಕ ಯಾರ ಸೊತ್ತು?



ಊರಿನಲ್ಲಿ ಜ್ವರ ಹಬ್ಬಿದಾಗ ಅದರ ಲೆಕ್ಕ ಬರೆದಿಡುವವರು ಯಾರು? ಮನೆಮನೆಗೆ ನಡೆದುಹೋಗುವ ಆಶಾ ಕಾರ್ಯಕರ್ತೆ, ಉಪಕೇಂದ್ರದ ಆರೋಗ್ಯ ಸಹಾಯಕಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ರಕ್ತ ಪರೀಕ್ಷಿಸುವ ತಂತ್ರಜ್ಞರು. ಅದಕ್ಕೆ ತಗಲುವ ವೆಚ್ಚ ನಮ್ಮ ತೆರಿಗೆಯಿಂದ ಬಂದದ್ದು. ಅಲ್ಲಿ ದಾಖಲಾಗುವ ಜ್ವರ ನಮ್ಮದೇ ಮೈಯದು. ಹೀಗಿರುವಾಗ ಲೆಕ್ಕ ಮಾತ್ರ ಕಚೇರಿಯ ಸೊತ್ತು ಹೇಗಾದೀತು? ರೋಗಿಯ ಹೆಸರು ಗುಟ್ಟಾಗಿರಬೇಕು, ರೋಗದ ಲೆಕ್ಕ ಗುಟ್ಟಾಗಿರಬಾರದು. ಈ ಬರಹದ ವಾದವೆಲ್ಲ ಇಷ್ಟೆ. ಇಷ್ಟು ಸರಳವಾದ ಮಾತನ್ನೂ ವಾದಿಸಿ ಹೇಳಬೇಕಾಗಿ ಬಂದಿರುವುದೇ ವಿಷಾದದ ಸಂಗತಿ.

ನಮ್ಮಲ್ಲಿ ಲೆಕ್ಕವೇ ಇಲ್ಲವೆಂದು ಯಾರೂ ತಿಳಿಯಬಾರದು. 2004ರಲ್ಲಿ ಕೇಂದ್ರ ಸರಕಾರವು ಸಮಗ್ರ ರೋಗ ಕಣ್ಗಾವಲು ಯೋಜನೆಯನ್ನು ಆರಂಭಿಸಿತು. ಲಕ್ಷಣ ನೋಡಿ ಆರೋಗ್ಯ ಸಹಾಯಕಿಯರು ತುಂಬುವುದು ಎಸ್ ನಮೂನೆ, ವೈದ್ಯರು ತುಂಬುವುದು ಪಿ ನಮೂನೆ, ಪ್ರಯೋಗಾಲಯದವರು ತುಂಬುವುದು ಎಲ್ ನಮೂನೆ. ವಾರವಾರವೂ ದೇಶದ ಮೂಲೆಮೂಲೆಗಳಿಂದ ಇವು ಮೇಲೆ ಹೋಗುತ್ತಿದ್ದವು. 2021ರಲ್ಲಿ ಇಡೀ ವ್ಯವಸ್ಥೆ ಗಣಕಜಾಲಕ್ಕೆ ವರ್ಗವಾಯಿತು. ಮಾಹಿತಿ ಮೇಲಕ್ಕೇರುವ ದಾರಿ ಹೀಗೆ ಹೆದ್ದಾರಿಯಾಯಿತು. ಕೆಳಕ್ಕಿಳಿಯುವ ದಾರಿ ಮಾತ್ರ ಕಾಲುಹಾದಿಯಾಗಿಯೇ ಉಳಿಯಿತು. ಸಾರ್ವಜನಿಕರ ಕೈಗೆ ಬರುತ್ತ ಬಂದದ್ದು ರೋಗ ಸ್ಫೋಟಗಳ ವಾರದ ಪಟ್ಟಿಯೊಂದು, ಅದೂ ಎಷ್ಟೋ ಸಲ ತಡವಾಗಿ, ಪಿಡಿಎಫ್ ರೂಪದಲ್ಲಿ. ಅಂಕಪಟ್ಟಿಗೆ ಗಾಜಿನ ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಿದಂತೆ. ನೋಡಬಹುದು, ಕೂಡಿ ಕಳೆಯಲಾಗದು. ಸಂಶೋಧಕರು ಅದನ್ನು ಸಾಲುಸಾಲಾಗಿ ಬಿಡಿಸಿ, ಜೋಡಿಸಿಕೊಂಡು ಕೆಲಸ ಮಾಡಬೇಕು.

ಇನ್ನೂ ಮುಖ್ಯವಾದ ಕೊರತೆಯೊಂದಿದೆ. ರೋಗ ಸ್ಫೋಟಗೊಂಡ ವಾರದ ಸಂಖ್ಯೆಯೊಂದರಿಂದಲೇ ಏನೂ ತಿಳಿಯದು. ಒಂದು ತಾಲ್ಲೂಕಿನಲ್ಲಿ ಜುಲೈ ತಿಂಗಳ ಒಂದು ವಾರ ನಲವತ್ತು ಮಂದಿಗೆ ಜ್ವರ ಬಂದರೆ ಅದು ಹೆಚ್ಚೊ ಕಡಿಮೆಯೊ? ಹಿಂದಿನ ಹತ್ತು ವರ್ಷಗಳ ಅದೇ ವಾರದ ಸಂಖ್ಯೆ ಗೊತ್ತಿಲ್ಲದೆ ಉತ್ತರಿಸಲಾಗದು. ಸಾಂಕ್ರಾಮಿಕ ರೋಗಶಾಸ್ತ್ರಕ್ಕೆ ಬೇಕಾದದ್ದು ಆ ಸಾಧಾರಣ ವಾರಗಳ ನೀರಸ ಲೆಕ್ಕ. ಅಮೆರಿಕದಲ್ಲಿ 1888ರಿಂದ ಪ್ರಕಟವಾದ ವಾರದ ರೋಗವರದಿಗಳನ್ನು ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದವರು ಗಣಕಕ್ಕೆ ಏರಿಸಿ 2013ರಲ್ಲಿ ಎಲ್ಲರಿಗೂ ತೆರೆದಿಟ್ಟರು. ಅದರಿಂದಲೇ 1924ರ ನಂತರ ಲಸಿಕೆಗಳು ಆ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ರೋಗ ಪ್ರಕರಣಗಳನ್ನು ತಪ್ಪಿಸಿದವೆಂದು ಅಂದಾಜು ಮಾಡಲು ಸಾಧ್ಯವಾಯಿತು. ನೂರು ವರ್ಷ ಹಳೆಯ ನೀರಸ ಕೋಷ್ಟಕಗಳಿಗೂ ಇಷ್ಟು ಬೆಲೆ!

ಲೆಕ್ಕ ತೆರೆದಿಡಲು ಹಿಂಜರಿಯುವವರು ಸಾಮಾನ್ಯವಾಗಿ ಹೇಳುವುದು, "ಇವು ಕಚ್ಚಾ ಅಂಕಿಗಳು, ತಿಳಿಯದವರು ತಪ್ಪು ಅರ್ಥ ಮಾಡಿಕೊಂಡಾರು" ಎಂದು. ಇದಕ್ಕೆ ಇತಿಹಾಸವೇ ಉತ್ತರ ಹೇಳಿದೆ. 1854ರ ಲಂಡನ್ ಕಾಲರಾದಲ್ಲಿ ಜಾನ್ ಸ್ನೋ ಎಂಬ ವೈದ್ಯ ನೀರೇ ರೋಗದ ಮೂಲವೆಂದು ತೋರಿಸಿದ ಕಥೆ ಅನೇಕರಿಗೆ ಗೊತ್ತು. ಆದರೆ ಆ ಕಥೆಯಲ್ಲಿ ವಿಲಿಯಂ ಫಾರ್ ಎಂಬ ಇನ್ನೊಬ್ಬರಿದ್ದಾರೆ. ಜನನ ಮರಣ ನೋಂದಣಿ ಕಚೇರಿಯಲ್ಲಿ ಅಂಕಿಅಂಶಗಳ ಹೊಣೆ ಹೊತ್ತವರು ಅವರು. ಕಾಲರಾ ಕೆಟ್ಟ ಗಾಳಿಯಿಂದ ಬರುವುದೆಂದೇ ಆಗ ಅವರ ನಂಬಿಕೆ. ಆದರೂ ಲಂಡನ್ನಿನ ಸಾವುಗಳ ಲೆಕ್ಕವನ್ನು ವಾರವಾರ ಅಚ್ಚುಹಾಕಿಸುತ್ತಿದ್ದರು. ಸತ್ತವರ ವಿಳಾಸಗಳನ್ನು ಸ್ನೋಗೆ ಒದಗಿಸಿದ್ದೂ ಅವರ ಕಚೇರಿಯೇ. ಸ್ನೋ ಆ ಮನೆಗಳಿಗೆ ಹೋಗಿ ಯಾವ ಕಂಪನಿಯ ನೀರೆಂದು ವಿಚಾರಿಸಿದರು. ಥೇಮ್ಸ್ ನದಿಯ ಕೊಳಚೆ ಭಾಗದಿಂದ ನೀರೆತ್ತುತ್ತಿದ್ದ ಸೌತ್‌ವಾರ್ಕ್ ಮತ್ತು ವಾಕ್ಸ್‌ಹಾಲ್ ಕಂಪನಿಯ ಹತ್ತು ಸಾವಿರ ಮನೆಗಳಿಗೆ 315 ಸಾವು; ಮೇಲ್ದಂಡೆಯ ಶುದ್ಧ ನೀರು ಕೊಡುತ್ತಿದ್ದ ಲ್ಯಾಂಬೆತ್ ಕಂಪನಿಯ ಹತ್ತು ಸಾವಿರ ಮನೆಗಳಿಗೆ 37. ಮುಂದೆ 1866ರ ಕಾಲರಾದಲ್ಲಿ ಸ್ವತಃ ಫಾರ್ ಅವರೇ ನೀರಿನ ಕಂಪನಿಯತ್ತ ಬೆರಳು ತೋರಿಸಿದರು. ಲೆಕ್ಕ ಇಟ್ಟವನ ಸಿದ್ಧಾಂತ ತಪ್ಪಾಗಿತ್ತು. ಲೆಕ್ಕ ತೆರೆದಿದ್ದುದರಿಂದ ಸತ್ಯ ಹೊರಬಂತು. ತಮ್ಮ ನಂಬಿಕೆಗೆ ಒಗ್ಗುವ ಅಂಕಿಗಳನ್ನಷ್ಟೇ ಫಾರ್ ಹೊರಬಿಟ್ಟಿದ್ದರೆ?

ಲಂಡನ್ನಿನ ಮಾತು ಹಾಗಿರಲಿ, ನಮ್ಮ ಮಲೆನಾಡಿಗೇ ಬರೋಣ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಸುತ್ತಲ ಹಳ್ಳಿಗಳ ಜನರಿಗೂ ಜ್ವರ ತಗಲಿದಾಗ ಪುಣೆಯ ವೈರಾಣು ಸಂಶೋಧನಾ ಕೇಂದ್ರದವರು ಬಂದು ಹೊಸ ವೈರಾಣುವನ್ನು ಗುರುತಿಸಿದರು. ಉಣುಗುಗಳಿಂದ ಹರಡುವ ಆ ಮಂಗನ ಕಾಯಿಲೆ ಇಂದಿಗೂ ಪ್ರತಿ ಚಳಿಗಾಲ, ಬೇಸಿಗೆಗಳಲ್ಲಿ ತಲೆಯೆತ್ತುತ್ತದೆ. ದಶಕಗಳ ಕಾಲ ಶಿವಮೊಗ್ಗದ ಆಸುಪಾಸಿನ ಕಾಯಿಲೆಯೆನಿಸಿದ್ದುದು 2012ರಿಂದೀಚೆಗೆ ಬಂಡೀಪುರ, ವಯನಾಡು, ಗೋವಾ, ಸಿಂಧುದುರ್ಗಗಳಲ್ಲಿಯೂ ಕಾಣಿಸಿಕೊಂಡಿತು. ವೈರಾಣುವಿಗೆ ಜಿಲ್ಲೆಯ ಗಡಿಯೂ ಇಲ್ಲ, ರಾಜ್ಯದ ಗಡಿಯೂ ಇಲ್ಲ. ಗಡಿ ಇರುವುದು ನಮ್ಮ ಕಡತಗಳಿಗೆ ಮಾತ್ರ.

ಈ ಕಾಯಿಲೆಗೆಂದು ನೀಡುತ್ತಿದ್ದ ಲಸಿಕೆಯ ವೃತ್ತಾಂತವನ್ನು ಗಮನಿಸಿ. 2005ರಿಂದ 2010ರವರೆಗಿನ ಲೆಕ್ಕವನ್ನು ಪರಿಶೀಲಿಸಿದ ಅಧ್ಯಯನವು ಎರಡು ಡೋಸ್ ಪಡೆದವರಲ್ಲಿ ರಕ್ಷಣೆ ಶೇಕಡ 62ರಷ್ಟು ಮಾತ್ರವೆಂದಿತು. 2013–14ರ ಶಿವಮೊಗ್ಗ ಜಿಲ್ಲೆಯ ಅಧ್ಯಯನವು ಲಸಿಕೆ ಫಲಕಾರಿಯಾಗಿಲ್ಲವೆಂದೇ ಹೇಳಿತು. ಆದರೂ ಲಸಿಕೆಯ ಬಳಕೆ ನಿಂತದ್ದು 2022ರಲ್ಲಿ. ಈ ನಡುವೆ ಸೊಪ್ಪು ಸದೆ ತರಲು ಕಾಡಿಗೆ ಹೋದ ಎಷ್ಟು ಮಂದಿ "ಚುಚ್ಚಿಸಿಕೊಂಡಿದ್ದೇವಲ್ಲ" ಎಂಬ ಧೈರ್ಯದಲ್ಲಿ ಹೋಗಿರಬಹುದು, ಯೋಚಿಸಿ. ಪ್ರತಿ ಋತುವಿನ ಕೊನೆಗೆ, ಕಾಯಿಲೆ ಬಂದವರಲ್ಲಿ ಲಸಿಕೆ ಪಡೆದವರೆಷ್ಟು, ಪಡೆಯದವರೆಷ್ಟು, ಒಟ್ಟು ಜನರಲ್ಲಿ ಲಸಿಕೆ ಪಡೆದವರೆಷ್ಟು ಎಂಬ ಕೋಷ್ಟಕ ತಾಲ್ಲೂಕುವಾರು ಪ್ರಕಟವಾಗುತ್ತಿದ್ದರೆ, ಪ್ರೌಢಶಾಲೆಯ ಗಣಿತ ಬಲ್ಲವರೂ ಆ ಪ್ರಶ್ನೆ ಎತ್ತಬಹುದಿತ್ತು. ಈಗ ಹೊಸ ಲಸಿಕೆಯ ಸಿದ್ಧತೆ ನಡೆದಿದೆ. ಅದರ ಲೆಕ್ಕವಾದರೂ ಮೊದಲ ದಿನದಿಂದಲೇ ತೆರೆದಿರಬೇಕು.

ಇನ್ನು ಕೋವಿಡ್. ಇಲ್ಲಿ ನಮ್ಮ ರಾಜ್ಯಕ್ಕೆ ಸಲ್ಲಬೇಕಾದ ಮೆಚ್ಚುಗೆ ಸಲ್ಲಲಿ. 2020ರಲ್ಲಿ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಭಾರತದ ರಾಜ್ಯಗಳ ಕೋವಿಡ್ ವರದಿಗಾರಿಕೆಗೆ ಅಂಕ ಹಾಕಿದಾಗ ಮೊದಲ ಸ್ಥಾನ ಕರ್ನಾಟಕಕ್ಕೆ ಬಂತು. ಆದರೆ ಮೇಷ್ಟರ ಕಣ್ಣು ಅಂಕದ ಮೇಲೆ ಹೋಗದಿದ್ದೀತೆ? ಒಂದಕ್ಕೆ 0.61! ತರಗತಿಯ ಮೊದಲಿಗನಿಗೇ 61 ಅಂಕವಾದರೆ ಉಳಿದವರ ಪಾಡೇನು? ಸೊನ್ನೆ ಪಡೆದ ರಾಜ್ಯಗಳೂ ಇದ್ದವು. ರಾಜ್ಯರಾಜ್ಯಗಳ ಪ್ರಕಟಣೆಗಳನ್ನು ಕಲೆಹಾಕಿ ದೇಶಕ್ಕೆಲ್ಲ ಒಂದೇ ಕಡೆ ಸಿಗುವಂತೆ ಮಾಡಿದ 'ಕೋವಿಡ್19ಇಂಡಿಯಾ' ತಾಣ ನಡೆದದ್ದು ಸ್ವಯಂಸೇವಕರಿಂದ. 2021ರ ಅಕ್ಟೋಬರ್ ಕೊನೆಗೆ ಅವರು ಕೆಲಸ ನಿಲ್ಲಿಸಿದರು. ಸರಕಾರ ಮಾಡಬೇಕಾದುದನ್ನು ಹುಡುಗರು ರಾತ್ರಿ ನಿದ್ದೆಗೆಟ್ಟು ಮಾಡಿದರು. ಅದೇ ವರ್ಷದ ಏಪ್ರಿಲ್‌ನಲ್ಲಿ, ಎರಡನೆಯ ಅಲೆಯ ನಡುವೆ, ನೂರಾರು ವಿಜ್ಞಾನಿಗಳು ಪರೀಕ್ಷೆಗಳ ದತ್ತಾಂಶ ಒದಗಿಸಿರೆಂದು ಪ್ರಧಾನಿಗಳಿಗೆ ಮನವಿ ಸಲ್ಲಿಸಬೇಕಾಯಿತು. ಹೆಣಗಳು ಸಾಲುಗಟ್ಟಿದ್ದ ಹೊತ್ತಿನಲ್ಲಿ ವಿಜ್ಞಾನಿಗಳು ಲೆಕ್ಕಕ್ಕಾಗಿ ಬೇಡಬೇಕೆ?

ಸಾವಿನ ಲೆಕ್ಕದ ಗತಿಯೂ ಅದೇ. 2021ರ ಅಂತ್ಯಕ್ಕೆ ಸರಕಾರ ಹೇಳಿದ ಕೋವಿಡ್ ಸಾವು 4.8 ಲಕ್ಷದಷ್ಟು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎರಡು ವರ್ಷಗಳ ಹೆಚ್ಚುವರಿ ಸಾವು 47 ಲಕ್ಷವೆಂದು ಅಂದಾಜಿಸಿತು. ಅಂದಾಜಿನ ವಿಧಾನವೇ ಸರಿಯಿಲ್ಲವೆಂದು ಸರಕಾರ ತಳ್ಳಿಹಾಕಿತು. ಇರಬಹುದು. ಆದರೆ 2021ರಲ್ಲಿ ನೋಂದಣಿಯಾದ ಸಾವುಗಳ ನಮ್ಮದೇ ವರದಿ ಹೊರಬಿದ್ದದ್ದು 2025ರ ಮೇ ತಿಂಗಳಿನಲ್ಲಿ! 2019ರಲ್ಲಿ 76 ಲಕ್ಷ, 2020ರಲ್ಲಿ 81 ಲಕ್ಷ ಇದ್ದ ನೋಂದಣಿ 2021ರಲ್ಲಿ 1.02 ಕೋಟಿಗೆ ಏರಿತ್ತು. ನೋಂದಣಿ ಸುಧಾರಿಸಿದ್ದೂ ಏರಿಕೆಗೆ ಒಂದು ಕಾರಣವಿರಬಹುದು. ಅದನ್ನು ಚರ್ಚಿಸಲಿಕ್ಕಾದರೂ ಅಂಕಿ ಬೇಕಲ್ಲ? ಲೆಕ್ಕದ ಪುಸ್ತಕ ಬೀರುವಿನಲ್ಲಿಟ್ಟು ಬೀಗ ಹಾಕಿದವರು, ಹೊರಗಿನವರು ಊಹೆ ಮಾಡುತ್ತಾರೆಂದು ಸಿಟ್ಟಾಗುವುದು ನ್ಯಾಯವಲ್ಲ.

"ಜನ ಗಾಬರಿಯಾದಾರು" ಎಂಬುದು ಇನ್ನೊಂದು ಆಕ್ಷೇಪ. ಜನ ಗಾಬರಿಯಾಗುವುದು ವದಂತಿಗೆ. ಲೆಕ್ಕ ಇಲ್ಲದ ಕಡೆ ವದಂತಿ ಹುಟ್ಟುತ್ತದೆ. 2020ರ ಜೂನ್‌ನಲ್ಲಿ ಬ್ರೆಜಿಲ್ಲಿನ ಆರೋಗ್ಯ ಸಚಿವಾಲಯವು ಕೋವಿಡ್‌ನ ಒಟ್ಟು ಅಂಕಿಗಳನ್ನು ತನ್ನ ತಾಣದಿಂದ ತೆಗೆದುಹಾಕಿದಾಗ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಕೆಲವೇ ದಿನಗಳಲ್ಲಿ ಅವನ್ನು ಮರಳಿ ಹಾಕಿಸಿತು. ಅದೇ ದೇಶ ಡೆಂಗಿ ಪ್ರಕರಣಗಳ ಹೆಸರಿಲ್ಲದ ದಾಖಲೆಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇಟ್ಟಿದೆ. ಶ್ರೀಮಂತ ದೇಶಗಳಿಗೆ ಮಾತ್ರ ಇದು ಸಾಧ್ಯವೆಂಬ ನೆಪವೂ ಆದ್ದರಿಂದ ನಿಲ್ಲದು.

ಖಾಸಗಿತನದ ಆಕ್ಷೇಪವೊಂದನ್ನು ಮಾತ್ರ ನಾನು ಗೌರವದಿಂದ ಕೇಳುತ್ತೇನೆ. 2020ರ ಮಾರ್ಚ್‌ನಲ್ಲಿ ನಮ್ಮ ರಾಜ್ಯದಲ್ಲೇ ಮನೆಯಲ್ಲಿ ಪ್ರತ್ಯೇಕವಾಗಿದ್ದವರ ವಿಳಾಸಗಳನ್ನು ಪ್ರಕಟಿಸಲಾಯಿತು. ಅದು ಅನ್ಯಾಯ. ವಿಳಾಸದಿಂದ ಸಂಶೋಧಕನಿಗೆ ಸಿಗುವ ಲಾಭಕ್ಕಿಂತ ಆ ಮನೆಯವರಿಗೆ ತಗಲುವ ಕಳಂಕ ದೊಡ್ಡದು. ವಿಚಿತ್ರ ನೋಡಿ: ಮುಚ್ಚಬೇಕಾದ ವಿಳಾಸ ಬಯಲಾಯಿತು, ತೆರೆಯಬೇಕಾದ ಕೋಷ್ಟಕ ಮುಚ್ಚಿಯೇ ಉಳಿಯಿತು. ಇದಕ್ಕೆ ಪರಿಹಾರ ಕಷ್ಟವೇನಲ್ಲ. ಹೆಸರು, ವಿಳಾಸ, ದೂರವಾಣಿ ಬೇಡ. ರೋಗ, ವಾರ, ತಾಲ್ಲೂಕು, ವಯೋಗುಂಪು, ಲಿಂಗ, ಪರೀಕ್ಷೆಗಳ ಸಂಖ್ಯೆ, ಇಷ್ಟು ಸಾಕು. ಸಂಖ್ಯೆ ತೀರ ಸಣ್ಣದಾಗಿ ವ್ಯಕ್ತಿಯ ಗುರುತು ಸಿಗುವಂತಿದ್ದರೆ "ಐದಕ್ಕಿಂತ ಕಡಿಮೆ" ಎಂದು ಬರೆದರಾಯಿತು. ಸತ್ತ ಮಂಗಗಳ ವಿಷಯದಲ್ಲಂತೂ ಸ್ಥಳ ಸಮೇತ ಪ್ರಕಟಿಸಬಹುದು. ಪಾಪ, ಅವುಗಳಿಗೆ ಖಾಸಗಿತನದ ಚಿಂತೆಯಿಲ್ಲ. ಯಾವ ಕಾಡಿನಂಚಿನಲ್ಲಿ ಮಂಗ ಸತ್ತಿದೆಯೆಂದು ಆ ವಾರವೇ ತಿಳಿದರೆ ಅತ್ತ ಸೌದೆಗೆ ಹೋಗುವವರು ಮೈಗೆ ಡೇಪಾ ತೈಲ ಸವರಿಕೊಂಡಾರು, ಇಲ್ಲವೆ ಬೇರೆ ದಾರಿ ಹಿಡಿದಾರು.

ನಿಮ್ಮಲ್ಲಿ ಕೆಲವರು ವೈದ್ಯರು, ಕೆಲವರು ಗಣಕ ತಂತ್ರಜ್ಞರು, ಒಬ್ಬಿಬ್ಬರು ಅಧಿಕಾರ ಸ್ಥಾನದಲ್ಲಿರುವವರು. ವೈದ್ಯರಾದವರು ನಮೂನೆಯನ್ನು ಪ್ರಾಮಾಣಿಕವಾಗಿ ತುಂಬಿ. "ಶೂನ್ಯ" ಎಂದು ಬರೆಯುವುದು ಸುಲಭ, ಆದರೆ ಸುಳ್ಳು ಶೂನ್ಯ ಕೊಲ್ಲಬಲ್ಲದು. ತಂತ್ರಜ್ಞರಾದವರು ಸರಕಾರದ ಕೆಲಸ ಮಾಡುವಾಗ ಕೋಷ್ಟಕವನ್ನು ಕೋಷ್ಟಕವಾಗಿಯೇ ಹೊರಗೆ ಕೊಡುವ ಗುಂಡಿಯೊಂದನ್ನು ಇಡಿ. ಅಧಿಕಾರದಲ್ಲಿರುವವರು ಮುಂದಿನ ಸಭೆಯಲ್ಲಿ "ಇದನ್ನು ಪ್ರಕಟಿಸಬಾರದೇಕೆ?" ಎಂದು ಒಮ್ಮೆ ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಯಿಸಿ. ಉಳಿದ ನಮಗೆ ಮಾಹಿತಿ ಹಕ್ಕಿನ ಕಾಯಿದೆ ಇದೆ, ಹತ್ತು ರೂಪಾಯಿ ಶುಲ್ಕವಿದೆ. ನಿಮ್ಮ ತಾಲ್ಲೂಕಿನ ಕಳೆದ ಐದು ವರ್ಷಗಳ ಡೆಂಗಿ ಮತ್ತು ಮಂಗನ ಕಾಯಿಲೆಯ ವಾರವಾರದ ಸಂಖ್ಯೆಯನ್ನು ಕೇಳಿ ಒಂದು ಅರ್ಜಿ ಹಾಕಿ. ಬಂದ ಉತ್ತರವನ್ನೂ, ಬಾರದಿದ್ದರೆ ಆ ಸಂಗತಿಯನ್ನೂ ನನಗೆ ತಿಳಿಸಿ.

ನಿಮ್ಮ ಮೇಷ್ಟ್ರು