ಇದ್ದಿಲಿನ ಗುಣ ಕಣ್ಣಳತೆಯಲ್ಲಿ ಗೊತ್ತಾಗುತ್ತಾ?

ಕಳೆದ ತಿಂಗಳು ನಮ್ಮ ಗುಂಪಿನ ಇಬ್ಬರು ಪಾವಗಡದ ಕಡೆ ಹೋಗಿದ್ದೆವು. ರಸ್ತೆ ಪಕ್ಕದಲ್ಲಿ ಇದ್ದಿಲು ಚೀಲಗಳು ಲಾರಿಗೆ ಲೋಡ್ ಆಗುತ್ತಿದ್ದವು. ಬಟ್ಟಿ ಸುಟ್ಟಿದ್ದ ಅಮ್ಮ ಒಬ್ಬರು ಚೀಲ ಎಣಿಸುತ್ತಾ ನಿಂತಿದ್ದರು. ಲಾರಿ ಜೊತೆ ಬಂದವನು ಒಂದು ಚೀಲದ ಬಾಯಿ ಬಿಚ್ಚಿದ, ಕೈ ಹಾಕಿದ, ಒಂದು ತುಂಡು ಎತ್ತಿ ನೋಡಿದ. "ಹಸಿ ಐತೆ, ಪುಡಿ ಬೇರೆ ಜಾಸ್ತಿ. ಚೀಲಕ್ಕೆ ಮೂರು ಕಿಲೋ ಕಳೀತೀನಿ" ಅಂದ. ಪರೀಕ್ಷೆ ಅಲ್ಲಿಗೆ ಮುಗಿಯಿತು.

ಆಮೇಲೆ ಆ ಅಮ್ಮನನ್ನು ಕೇಳಿದೆವು. "ಏನ್ ಮಾಡಾಕಾಗುತ್ತಪ್ಪಾ, ಅವ್ರು ನೋಡಿ ಹೇಳ್ತಾರೆ, ನಾವು ಹೂಂ ಅಂತೀವಿ" ಅಂದರು.

ಈರುಳ್ಳಿ, ಶೇಂಗಾ ಮಾರಿದವರಿಗೆ ಈ ಸೂಟು ತೆಗೆಯುವ ಆಟ ಗೊತ್ತಿರುವುದೇ. ಆದರೆ ಇದ್ದಿಲಿನ ವಿಷಯದಲ್ಲಿ ಇದು ಇನ್ನೂ ಅನ್ಯಾಯ ಅನ್ನುವುದು ನಮ್ಮ ಅಭಿಪ್ರಾಯ. ಯಾಕೆಂದರೆ ಇದ್ದಿಲಿನ ಗುಣವನ್ನು ಅಳೆಯಬಹುದು. ಅದಕ್ಕೆ ದೊಡ್ಡ ಯಂತ್ರವೂ ಬೇಡ, ಡಿಗ್ರಿಯೂ ಬೇಡ. ಅಳೆಯುವ ಕೆಲಸ ಯಾವಾಗಲೂ ಕೊಳ್ಳುವವನ ಕೈಯಲ್ಲೇ ಇದೆ, ತೊಂದರೆ ಇರುವುದು ಅಲ್ಲಿ.

ಬಟ್ಟಿಗೆ ಹೋಗುವ ಮರ ಯಾವುದು ಅಂತ ನಿಮಗೆ ಹೇಳಬೇಕಿಲ್ಲ. ಬಳ್ಳಾರಿ ಜಾಲಿ. ಕೆರೆ ಅಂಗಳ, ಬೀಳು ಹೊಲ, ಹಳ್ಳದ ದಂಡೆ ಎಲ್ಲಾ ಕಡೆ ತುಂಬಿಕೊಂಡು ನಾವು ಬೈದುಕೊಳ್ಳುವ ಅದೇ ಮುಳ್ಳಿನ ಮರ. ಇದು ನಮ್ಮ ನೆಲದ್ದಲ್ಲ, ಅಮೆರಿಕ ಖಂಡದ ಕಡೆಯಿಂದ ಬಂದದ್ದು. ತಮಾಷೆ ಅಂದರೆ, ಇದರ ದಾಯಾದಿ ಮರ ಅಮೆರಿಕದ ಟೆಕ್ಸಾಸ್‌ನಲ್ಲಿ ಬೆಳೆಯುತ್ತದೆ. ಅಲ್ಲಿ ಅದಕ್ಕೆ ಮೆಸ್ಕೀಟ್ ಅನ್ನುತ್ತಾರೆ, ಬಾರ್ಬೆಕ್ಯೂ ಮಾಡುವವರು ಅದರ ಇದ್ದಿಲನ್ನು ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ. ನಮ್ಮ ಜಾಲಿಯ ಕಟ್ಟಿಗೆಯೂ ಗಟ್ಟಿ. ಸರಿಯಾಗಿ ಸುಟ್ಟರೆ ಭಾರವಾದ, ಬಹಳ ಹೊತ್ತು ಉರಿಯುವ ಇದ್ದಿಲು ಬರುತ್ತದೆ. ಇಸ್ತ್ರಿ ಗಾಡಿಗೂ ಅದೇ, ಡಾಬಾದ ತಂದೂರಿಗೂ ಅದೇ, ಪಟ್ಟಣದಲ್ಲಿ ಗ್ರಿಲ್ ಮೇಲೆ ಕೋಳಿ ಸುಡುವವರಿಗೂ ಅದೇ.

ಸರಿಯಾಗಿ ಸುಟ್ಟರೆ ಅಂದೆವಲ್ಲ, ಅಸಲಿ ವಿಷಯ ಅದೇ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1980ರ ದಶಕದಲ್ಲಿ ಇದ್ದಿಲು ಸುಡುವವರಿಗಾಗಿ ಒಂದು ಕೈಪಿಡಿ ತಂದಿತ್ತು. ಅದರಲ್ಲಿ ಒಂದು ಲೆಕ್ಕ ಇದೆ. 100 ಕಿಲೋ ಒಣ ಕಟ್ಟಿಗೆಯನ್ನು 300 ಡಿಗ್ರಿ ಶಾಖದಲ್ಲಿ ಸುಟ್ಟರೆ ಸುಮಾರು 42 ಕಿಲೋ ಇದ್ದಿಲು ಬರುತ್ತದೆ. 500 ಡಿಗ್ರಿವರೆಗೆ ಬೇಯಿಸಿದರೆ ಬರುವುದು 33 ಕಿಲೋ ಮಾತ್ರ. ಆದರೆ ಮೊದಲನೆಯದರಲ್ಲಿ ಕೆಂಡವಾಗಿ ಉರಿಯುವ ಇಂಗಾಲ ಶೇಕಡಾ 68, ಎರಡನೆಯದರಲ್ಲಿ ಶೇಕಡಾ 86.

ಈಗ ಮೊಬೈಲಿನಲ್ಲೇ ಗುಣಿಸಿ ನೋಡಿ. 42 ಕಿಲೋದಲ್ಲಿ ಇಂಗಾಲ 28 ಕಿಲೋ ಚಿಲ್ಲರೆ. 33 ಕಿಲೋದಲ್ಲೂ 28 ಕಿಲೋ ಚಿಲ್ಲರೆ. ಅಂದರೆ ಬಟ್ಟಿಯನ್ನು ಬೇಗ ಮುಚ್ಚಿದವನ ಚೀಲದಲ್ಲಿ ಹೆಚ್ಚಾಗಿ ಬಂದ ಆ 9 ಕಿಲೋ ಕೆಂಡ ಆಗುವುದೇ ಇಲ್ಲ. ಅದು ಒಲೆಗೆ ಹಾಕಿದ ಮೇಲೆ ಹೊಗೆ, ಹಳದಿ ಉರಿ, ಕಣ್ಣುರಿ ಆಗಿ ಹೋಗುತ್ತದೆ.

ಬರೀ ತೂಕಕ್ಕೆ ದುಡ್ಡು ಕೊಟ್ಟರೆ ಆ 9 ಕಿಲೋಗೂ ದುಡ್ಡು ಸಿಗುತ್ತದೆ. ಇನ್ನೊಂದು ದಿನ ಕಾದು, ರಾತ್ರಿ ಎದ್ದು ಬಿರುಕು ಬಿಟ್ಟಲ್ಲಿ ಮಣ್ಣು ಮೆತ್ತಿ, ಚೆನ್ನಾಗಿ ಬೇಯಿಸಿದವಳಿಗೆ ನಷ್ಟ. ಮೇಲಿಂದ ಎಲ್ಲರ ಚೀಲಕ್ಕೂ ಒಂದೇ ಸಮ ಮೂರು ಕಿಲೋ ಕಳೆದರೆ? ಕೆಟ್ಟದಾಗಿ ಸುಟ್ಟವನಿಗೆ ಅದು ಹತ್ತುವುದೇ ಇಲ್ಲ. ಒಳ್ಳೆಯದು ಸುಟ್ಟವಳು ಎರಡು ಸಲ ಕಳೆದುಕೊಳ್ಳುತ್ತಾಳೆ. ಹೀಗಿರುವಾಗ ಹಳ್ಳಿಯವರು ಚೆನ್ನಾಗಿ ಸುಡಲ್ಲ ಅಂತ ದೂರುವುದಕ್ಕೆ ವ್ಯಾಪಾರಿಗೆ ಏನು ಹಕ್ಕು ಇದೆ?

ಹಾಗಂತ ನಮ್ಮವರೆಲ್ಲ ಸಾಚಾ ಅಂತ ನಾವೂ ಹೇಳಲ್ಲ. ತೂಕ ಬರಲಿ ಅಂತ ಚೀಲಕ್ಕೆ ನೀರು ಹೊಡೆಯುವವರು ಇದ್ದಾರೆ, ಅಡಿಯಲ್ಲಿ ಪುಡಿ ತುಂಬುವವರೂ ಇದ್ದಾರೆ. ಆದರೆ ಬಟ್ಟಿ ಬಿಚ್ಚಿದಾಗ ಕೆಂಡ ಆರಿಸಲು ಸ್ವಲ್ಪ ನೀರು ಚಿಮುಕಿಸಲೇಬೇಕು. ಇಲ್ಲದಿದ್ದರೆ ಚೀಲದೊಳಗೆ ಬೆಂಕಿ. ಬಿಸಿ ಆರದ ಹೊಸ ಇದ್ದಿಲನ್ನು ಒತ್ತಿ ತುಂಬಿದರೆ ತಾನಾಗಿಯೇ ಕಾವೇರಿ ಹತ್ತಿಕೊಳ್ಳುವುದೂ ಉಂಟು. ಅದಕ್ಕೇ ಬಿಚ್ಚಿದ ಮೇಲೆ ಒಂದೆರಡು ದಿನ ಗಾಳಿಗೆ ಹರಡಿ ಬಿಡಬೇಕು. ಆರಿಸಲು ಹಾಕಿದ ನೀರು ಯಾವುದು, ಮೋಸಕ್ಕೆ ಹಾಕಿದ ನೀರು ಯಾವುದು ಅಂತ ಕಣ್ಣಿಗೆ ಗೊತ್ತಾಗಲ್ಲ. ತೂಗಿದರೆ ಗೊತ್ತಾಗುತ್ತದೆ.

ತೂಗುವುದು ಹೇಗೆ ಅಂತ ನಾವೇ ಮಾಡಿ ನೋಡಿದೆವು. ಬೇಕಾದದ್ದು ಗ್ರಾಂ ತೋರಿಸುವ ಒಂದು ಅಡುಗೆಮನೆ ತಕ್ಕಡಿ, ಗಾರೆ ಕೆಲಸದವರ ಜರಡಿ, ಒಂದು ಹಳೆಯ ಎಣ್ಣೆ ಡಬ್ಬ. ಮೇಲಿನದನ್ನಷ್ಟೇ ತೆಗೆದುಕೊಂಡರೆ ಅದು ಪರೀಕ್ಷೆ ಅಲ್ಲ. ಚೀಲದ ಮೇಲೆ, ನಡುವೆ, ತಳ ಮೂರೂ ಕಡೆಯಿಂದ ಕೈ ಹಾಕಿ ತೆಗೆಯಬೇಕು.

ಅದರಲ್ಲಿ ಸರಿಯಾಗಿ 1000 ಗ್ರಾಂ ತೂಗಿ, ಅಡಿಕೆ ಗಾತ್ರಕ್ಕೆ ಒಡೆದು, ತಗಡಿನ ಮೇಲೆ ಬಿಸಿಲಿಗೆ ಹರಡಿ. ಎರಡು ಸಲ ತೂಗಿದಾಗ ಒಂದೇ ತೂಕ ಬರುವ ತನಕ ಒಣಗಿಸಿ. 900ಕ್ಕೆ ಇಳಿದರೆ ಆ 100 ಗ್ರಾಂ ನೀರು, ಶೇಕಡಾ 10. ಲ್ಯಾಬಿನವರು 105 ಡಿಗ್ರಿಯಲ್ಲಿ ಒಣಗಿಸುತ್ತಾರೆ, ಬಿಸಿಲಿಗೆ ಅಷ್ಟು ನಿಖರ ಬರಲ್ಲ. ಆದರೆ ಬಕೆಟ್ ಎತ್ತಿ ಹೊಯ್ದ ನೀರು ಮಾತ್ರ ಬಚ್ಚಿಟ್ಟುಕೊಳ್ಳಲ್ಲ. ಯುರೋಪಿನಲ್ಲಿ ಬಾರ್ಬೆಕ್ಯೂ ಇದ್ದಿಲಿಗೆ ಇಎನ್ 1860-2 ಅಂತ ಒಂದು ಮಾನದಂಡ ಇದೆ. ಅದರ ಪ್ರಕಾರ ತೇವ ಶೇಕಡಾ 8 ದಾಟಬಾರದು, ಬೂದಿಯೂ ಶೇಕಡಾ 8 ದಾಟಬಾರದು, ಇಂಗಾಲ ಶೇಕಡಾ 75ಕ್ಕಿಂತ ಕಡಿಮೆ ಇರಬಾರದು. ನಮಗೆ ಒಂದು ಗೆರೆ ಬೇಕಲ್ಲ, ಸದ್ಯಕ್ಕೆ ಇದನ್ನೇ ಇಟ್ಟುಕೊಳ್ಳೋಣ.

ಬೂದಿ ನೋಡುವುದಕ್ಕೆ ಒಣಗಿದ ಇದ್ದಿಲೇ ಆಗಬೇಕು. ಡಬ್ಬದ ಬುಡದ ಸುತ್ತ ತೂತು ಹೊಡೆದು, ಕೆಳಗೆ ತಗಡು ಇಟ್ಟು, ಒಂದು ಕಿಲೋ ಪೂರ್ತಿ ಉರಿದು ಬೂದಿ ಆಗುವ ತನಕ ಬಿಡಿ. ತಣ್ಣಗಾದ ಮೇಲೆ ಬೂದಿ ತೂಗಿ. 30 ಗ್ರಾಂ ಆಸುಪಾಸು ಬಂದರೆ ಬಹಳ ಒಳ್ಳೆಯ ಮಾಲು. 80 ದಾಟಿದರೆ ಬೂದಿಯನ್ನು ಬೆರಳಲ್ಲಿ ಉಜ್ಜಿ ನೋಡಿ. ಮರಳು ಮರಳಾಗಿ ಸಿಕ್ಕರೆ ಅದು ಬಟ್ಟಿಗೆ ಮೆತ್ತಿದ ಮಣ್ಣು, ಇದ್ದಿಲಿನ ಜೊತೆ ಚೀಲಕ್ಕೆ ಬಂದಿದೆ. ಇದಕ್ಕೆ ಮದ್ದು ಸುಲಭ. ತುಂಬುವ ಮುಂಚೆ ಜರಡಿ ಹಿಡಿಯಬೇಕು. ಆಗ ಗ್ರಿಲ್‌ಗೆ ಆಗುವ ದೊಡ್ಡ ತುಂಡು ಬೇರೆ, ಸಣ್ಣದು ಬೇರೆ ಆಗುತ್ತದೆ, ಮಣ್ಣು ಕೆಳಗೆ ಬೀಳುತ್ತದೆ. ಗ್ರಿಲ್ ಮಾಡುವವರಿಗೆ ಪುಡಿ ಬಂದರೆ ಗಾಳಿಯಾಡಲು ಸಂದಿ ಇರಲ್ಲ, ಬೆಂಕಿ ಮಂಕಾಗುತ್ತದೆ. ದೊಡ್ಡ ತುಂಡನ್ನು ಬೇರೆ ಚೀಲಕ್ಕೆ ಹಾಕಿ ಬೇರೆ ಬೆಲೆ ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಇಂಗಾಲದ ಲೆಕ್ಕ ಮಾತ್ರ ಮನೆಯಲ್ಲಿ ಆಗಲ್ಲ, ಅದಕ್ಕೆ ಲ್ಯಾಬೇ ಬೇಕು. ಆದರೂ ಬೆಂದಿದೆಯೋ ಇಲ್ಲವೋ ಹೇಳುವುದಕ್ಕೆ ಹಳಬರ ಉಪಾಯ ಸಾಕು. ಎರಡು ತುಂಡು ಒಂದಕ್ಕೊಂದು ಬಡಿದರೆ ಹೆಂಚಿನ ಚೂರಿನ ಹಾಗೆ ಟಣ್ ಅನ್ನಬೇಕು. ಮುರಿದರೆ ಒಳಗೆ ಕಪ್ಪಾಗಿ ಹೊಳೆಯಬೇಕು. ನಡುವೆ ಕಂದು ಕಂಡರೆ, ಮುರಿಯುವ ಬದಲು ನಾರು ನಾರಾಗಿ ಸೀಳಿದರೆ ಅದು ಬೆಂದಿಲ್ಲ. ಹೊತ್ತಿಸಿದ ಮೇಲೂ ಬಹಳ ಹೊತ್ತು ಹೊಗೆ ಬರುತ್ತಿದ್ದರೆ ಅದೂ ಹಸಿಯೇ. ಅಂಥ ಹೊಗೆಯ ಮೇಲೆ ಕೋಳಿ ಇಟ್ಟರೆ ಮಸಾಲೆ ಎಷ್ಟೇ ಚೆನ್ನಾಗಿರಲಿ, ಬಾಯಿಗೆ ಸಿಗುವುದು ಕಮಟು.

ಇಲ್ಲಿ ಕೊಳ್ಳುವವರಿಗೂ ಒಂದು ಮಾತು. ಚೆನ್ನಾಗಿ ಬೆಂದ ಇದ್ದಿಲು ಬೇಗ ಹತ್ತಲ್ಲ. ಹಸಿಯದ್ದೇ ಬೇಗ ಭಗ್ ಅನ್ನುವುದು. ಹತ್ತಲಿಲ್ಲ ಅಂತ ಮಾಲು ಕೆಟ್ಟದ್ದು ಅನ್ನುವವರನ್ನು ನಾವು ನೋಡಿದ್ದೇವೆ. ನಮ್ಮೂರ ಹುಡುಗರೂ ಅಷ್ಟೇ, ಹೊಲದಲ್ಲಿ ಪಾರ್ಟಿ ಮಾಡುವಾಗ ಇದ್ದಿಲು ಹತ್ತಲಿಲ್ಲ ಅಂತ ಬೈಕಿನಿಂದ ಪೆಟ್ರೋಲ್ ತೆಗೆದು ಸುರಿಯುತ್ತಾರೆ. ದಯವಿಟ್ಟು ಬೇಡ್ರಪ್ಪಾ. ಅದೇ ತೂತಿನ ಡಬ್ಬದಲ್ಲಿ ಕೆಳಗೆ ಪೇಪರ್ ಹಾಕಿ ಹೊತ್ತಿಸಿ, ಮೇಲೆ ಬೂದಿ ಹಿಡಿಯುವ ತನಕ ಕಾಯಿರಿ. ಬೂದಿ ಪರೀಕ್ಷೆಯೂ ಬಯಲಲ್ಲೇ ಆಗಲಿ. ಬಾಗಿಲು ಹಾಕಿದ ಕೋಣೆಯಲ್ಲಿ ಇದ್ದಿಲು ಉರಿಸಿದರೆ ವಾಸನೆಯೇ ಇಲ್ಲದ ವಿಷಗಾಳಿ ತುಂಬಿಕೊಳ್ಳುತ್ತದೆ, ಜೀವ ತೆಗೆಯುತ್ತದೆ.

ನಮ್ಮ ಬೇಡಿಕೆ ಇಷ್ಟೇ. ಚೀಲದ ಬಾಯಿ ಹೊಲಿಯುವ ಮುಂಚೆ ಪರೀಕ್ಷೆ ಬಟ್ಟಿ ಹತ್ತಿರವೇ, ಸುಟ್ಟವರ ಎದುರೇ ಆಗಬೇಕು. ಬಂದ ಸಂಖ್ಯೆಯನ್ನು ತೂಕದ ಚೀಟಿಯಲ್ಲಿ ಬರೆಯಬೇಕು. ತೇವ 8ರ ಬದಲು 12 ಬಂದರೆ ಹೆಚ್ಚಿಗೆ ಬಂದ 4ನ್ನು ಕಳೆಯಲಿ, ಯಾರೂ ಬೇಡ ಅನ್ನಲ್ಲ. 6 ಬಂದರೆ ಒಂದು ಕಿಲೋನೂ ಕಳೆಯುವ ಹಾಗಿಲ್ಲ. ಇದನ್ನು ಒಬ್ಬರೇ ಕೇಳಿದರೆ ವ್ಯಾಪಾರಿ ಪಕ್ಕದ ಬಟ್ಟಿಗೆ ಹೋಗುತ್ತಾನೆ, ಅದು ನಮಗೂ ಗೊತ್ತು. ಅದಕ್ಕೇ ಒಂದು ಊರಿನ ಎಲ್ಲ ಬಟ್ಟಿಯವರೂ ಸೇರಿ ಒಂದೇ ತಕ್ಕಡಿ, ಒಂದೇ ಜರಡಿ ಇಟ್ಟುಕೊಳ್ಳುವುದು ಒಳ್ಳೆಯದು. ಮಹಿಳಾ ಸಂಘದ ಸಾಲದ ಪುಸ್ತಕ ಬರೆಯುವ ಕೈಗೆ ಈ ಲೆಕ್ಕ ಏನೂ ಕಷ್ಟ ಅಲ್ಲ.

ಹೋದ ವಾರ ಅದೇ ಅಮ್ಮನ ಹತ್ತಿರ ತಕ್ಕಡಿ ತೆಗೆದುಕೊಂಡು ಹೋಗಿದ್ದೆವು. ಅವರು ತುಂಡು ಮುರಿದು ನೋಡಿ, ನಮ್ಮ ಸಂಖ್ಯೆ ಬರುವ ಮುಂಚೆಯೇ ಯಾವುದು ಬೆಂದಿದೆ, ಯಾವುದು ಇಲ್ಲ ಅಂತ ಬೇರೆ ಬೇರೆ ಗುಡ್ಡೆ ಹಾಕಿಬಿಟ್ಟರು. "ನಂಗೆ ಗೊತ್ತೈತಪ್ಪಾ, ಆದ್ರೆ ನಾನ್ ಹೇಳಿದ್ರೆ ಆವಯ್ಯ ಕೇಳಲ್ಲ. ನೀವು ಇದನ್ನ ಚೀಟೀಲಿ ಬರ್ಕೊಡಿ" ಅಂದರು. ಬರೆದು ಕೊಟ್ಟು ಬಂದಿದ್ದೇವೆ. ಮುಂದಿನ ಲೋಡ್ ಅಮಾವಾಸ್ಯೆ ಆದ ಮೇಲಂತೆ.